ಮನೆಯ ಬಚ್ಚಲಿನಲ್ಲಿ ಯೂರಿನಲ್: ಒಂದು ವಿಮರ್ಶೆ

ಶಾಲೆ, ಕಚೇರಿ, ಬಸ್ ನಿಲ್ದಾಣ, ಸಿನಿಮಾ ಮಂದಿರಗಳಲ್ಲಿ ಗಂಡಸರ ಶೌಚಾಲಯದ ಗೋಡೆಗಷ್ಟೇ ಸೀಮಿತವಾಗಿದ್ದ ಯೂರಿನಲ್ ಈಗ ಮನೆಯ ಬಚ್ಚಲಿಗೂ ಬರತೊಡಗಿದೆ. ಬೀದರ ನಗರದಲ್ಲಾಗಲಿ, ಭಾಲ್ಕಿ, ಔರಾದಗಳಲ್ಲಾಗಲಿ ಮನೆ ಕಟ್ಟಿಸುವವರು ಕಮೋಡು, ವಾಶ್ ಬೇಸಿನ್ ಆರಿಸಲು ಅಂಗಡಿಗೆ ಹೋದರೆ ಇದನ್ನೂ ತೋರಿಸುವುದುಂಟು. ಕೈಗೆ ಕೊಡುವ ಬಣ್ಣದ ಪುಸ್ತಿಕೆಯಲ್ಲಿ ಅದರ ಆಕಾರ, ಹೊಳಪು, ಕೈ ತಾಗಿಸದೆ ನೀರು ಬಿಡುವ ಸೆನ್ಸರು, ನೀರಿನ ಉಳಿತಾಯ ಎಲ್ಲವೂ ಇರುತ್ತವೆ. ಪಾತ್ರೆಗೆ ಬಿದ್ದದ್ದು ಮುಂದೆ ಎಲ್ಲಿಗೆ ಹೋಗಬೇಕು ಎಂಬುದು ಮಾತ್ರ ಇರುವುದಿಲ್ಲ. ಈ ಜಿಲ್ಲೆಯಲ್ಲಿ ಯೂರಿನಲ್ ಬೇಕೋ ಬೇಡವೋ ಎಂಬುದನ್ನು ನಿರ್ಧರಿಸಬೇಕಾದದ್ದು ಅದೇ ಎಂಬುದು ಈ ಲೇಖಕನ ಅಭಿಪ್ರಾಯ.

ನಮ್ಮ ಮಾನಕಗಳು ಮನೆಗೆ ಯೂರಿನಲ್ ಕಡ್ಡಾಯವೆಂದು ಹೇಳುವುದಿಲ್ಲ. ನೀರು ಸರಬರಾಜು ಮತ್ತು ನೈರ್ಮಲ್ಯದ ಕನಿಷ್ಠ ಅಗತ್ಯಗಳನ್ನು ತಿಳಿಸುವ ಐಎಸ್ 1172 (1993) ಪ್ರತ್ಯೇಕ ಮನೆಗೆ ಕೇಳುವುದು ನಲ್ಲಿಯುಳ್ಳ ಒಂದು ಸ್ನಾನದ ಕೋಣೆ, ಒಂದು ಶೌಚಾಲಯ, ಅಡುಗೆಮನೆಯಲ್ಲಿ ಒಂದು ನಲ್ಲಿ, ಇಷ್ಟೇ. ಇಷ್ಟು ಜನರಿಗೆ ಇಷ್ಟು ಯೂರಿನಲ್ ಎಂಬ ಲೆಕ್ಕ ಬರುವುದು ಕಚೇರಿ, ಶಾಲೆ, ವಿದ್ಯಾರ್ಥಿನಿಲಯಗಳ ಪಟ್ಟಿಯಲ್ಲಿ. ಬಿಡುವಿನ ಹತ್ತು ನಿಮಿಷದಲ್ಲಿ ನೂರಾರು ಹುಡುಗರು ಬಂದು ಹೋಗುವ ಜಾಗದಲ್ಲಿ ಅದು ಬೇಕೇ ಬೇಕು. ಐದು ಜನರ ಮನೆಯಲ್ಲಿ ಯಾರೂ ಸರದಿ ನಿಲ್ಲುವುದಿಲ್ಲ. ಆದ್ದರಿಂದ ಮನೆಯಲ್ಲಿ ಅದನ್ನು ಸಮರ್ಥಿಸಲು ಬೇರೆ ಕಾರಣ ಬೇಕಾಗುತ್ತದೆ. ಮಾರಾಟಗಾರರು ಮುಂದಿಡುವ ಕಾರಣ ನೀರಿನ ಉಳಿತಾಯ.

ಈ ಮಾತನ್ನು ಲೆಕ್ಕ ಹಾಕಿಯೇ ನೋಡೋಣ. ಮನೆಯಲ್ಲಿ ಇಬ್ಬರು ಗಂಡಸರು, ತಲಾ ನಾಲ್ಕು ಸಲ, ದಿನಕ್ಕೆ ಎಂಟು ಸಲ ಎಂದಿರಲಿ. ಹಳೆಯ 10 ಲೀಟರಿನ ಫ್ಲಶ್ ತೊಟ್ಟಿ ಇದ್ದರೆ 80 ಲೀಟರ್ ಖರ್ಚು. ಈಗಿನ ಎರಡು ಗುಂಡಿಯ ತೊಟ್ಟಿಯಲ್ಲಿ ಚಿಕ್ಕ ಗುಂಡಿ ಒತ್ತಿದರೆ 3 ಲೀಟರಿನಂತೆ 24 ಲೀಟರ್. ಯೂರಿನಲ್‌ಗೆ ಒಂದೂವರೆ ಲೀಟರಿನಂತೆ 12 ಲೀಟರ್. ಪುಸ್ತಿಕೆಯವರು 80ರ ಪಕ್ಕದಲ್ಲಿ 12ನ್ನು ಇಟ್ಟು ತೋರಿಸುತ್ತಾರೆ. ಆದರೆ ನಮ್ಮ ಊರುಗಳ ಎಷ್ಟು ಮನೆಗಳಲ್ಲಿ ಮೂತ್ರಕ್ಕಾಗಿ ತೊಟ್ಟಿ ಖಾಲಿ ಮಾಡುತ್ತಾರೆ? ಬೇಸಿಗೆಯಲ್ಲಿ ನಲ್ಲಿ ನೀರು ದಿನವೂ ಬಾರದ ಓಣಿಗಳಲ್ಲಿ ಬಕೆಟ್ಟಿನಿಂದ ಒಂದು ಮಗ್ ಎತ್ತಿ ಸುರಿಯುವುದೇ ರೂಢಿ. ಮಗ್ಗಿಗೆ ಒಂದರಿಂದ ಒಂದೂವರೆ ಲೀಟರ್. ದಿನಕ್ಕೆ 8ರಿಂದ 12 ಲೀಟರ್. ಅಂದರೆ ಅಂಥ ಮನೆಯಲ್ಲಿ ಯೂರಿನಲ್ ಒಂದು ತಂಬಿಗೆ ನೀರನ್ನೂ ಉಳಿಸುವುದಿಲ್ಲ. ಒಳಚರಂಡಿ ಇಲ್ಲದ ಪಟ್ಟಣಗಳಿಗೆ ತಲೆಗೆ ದಿನಕ್ಕೆ 70 ಲೀಟರ್, ಇರುವ ಪಟ್ಟಣಗಳಿಗೆ 135 ಲೀಟರ್ ಎಂದು ಕೇಂದ್ರದ 1999ರ ಕೈಪಿಡಿ ಯೋಜನೆಗಳಿಗೆ ಅಳತೆ ಕೊಟ್ಟಿತ್ತು. ಉಳಿತಾಯದ ಜಾಹೀರಾತು 135ರ ಮನೆಗೆ ಬರೆದದ್ದು. ಓದುವವನು 70ರ ಮನೆಯವನು.

ಯೂರಿನಲ್ ನಿಜವಾಗಿ ಉಪಯೋಗಕ್ಕೆ ಬರುವುದು ಮುದುಕರಿಗೆ. ಮಂಡಿನೋವಿನಿಂದ ಕುಕ್ಕರಗಾಲಿನಲ್ಲಿ ಕೂಡಲಾರದವರು, ಪ್ರಾಸ್ಟೇಟ್ ಗ್ರಂಥಿ ಊದಿದವರು, ರಾತ್ರಿ ನಾಲ್ಕೈದು ಸಲ ಏಳಬೇಕಾದ ಸಕ್ಕರೆ ಕಾಯಿಲೆಯವರು ನಿಂತು ಮುಗಿಸಿಕೊಂಡು ಹೋಗಬಹುದು. ಒದ್ದೆ ನೆಲದಲ್ಲಿ ಜಾರಿ ಬೀಳುವ ಭಯವೂ ಕಡಿಮೆ. ಆದರೆ ಇದೇ ತೊಂದರೆಯಿರುವ ಮನೆಯ ಹೆಂಗಸಿಗೆ ಗೋಡೆಯ ಪಾತ್ರೆಯಿಂದ ಏನೂ ಪ್ರಯೋಜನವಿಲ್ಲ. ಕಮೋಡಿನ ಪಕ್ಕಕ್ಕೆ ಗಟ್ಟಿಯಾಗಿ ಕೂಡಿಸಿದ ಒಂದು ಹಿಡಿಕಂಬಿ ಇಬ್ಬರಿಗೂ ಆಗುತ್ತದೆ. ಹಣ ಒಂದಕ್ಕೇ ಇದ್ದರೆ ಹಿಡಿಕಂಬಿಯನ್ನೇ ಮೊದಲು ಹಾಕಿಸಬೇಕು.

ಯೂರಿನಲ್ಲನ್ನೇ ಕೊಳ್ಳುವುದಾದರೆ ಆಕಾರವನ್ನು ಭೌತವಿಜ್ಞಾನದ ಕಣ್ಣಿನಿಂದ ನೋಡಿ. ಮೂತ್ರದ ಧಾರೆ ದೇಹದಿಂದ ಹೊರಟು ಸುಮಾರು 15 ಸೆಂಟಿಮೀಟರ್ ದೂರದಲ್ಲೇ ಹನಿಗಳಾಗಿ ಒಡೆಯುತ್ತದೆ. ಮೇಲ್ಮೈ ಸೆಳೆತವೇ ಇದಕ್ಕೆ ಕಾರಣ. ಆ ಹನಿಗಳು ಪಿಂಗಾಣಿಗೆ ನೇರವಾಗಿ ಬಡಿದರೆ ಬಟ್ಟೆಗೂ ನೆಲಕ್ಕೂ ಸಿಡಿಯುತ್ತವೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಧಾರೆಗೂ ಮೇಲ್ಮೈಗೂ ನಡುವಿನ ಕೋನ 30 ಡಿಗ್ರಿಗಿಂತ ಕಡಿಮೆಯಿದ್ದರೆ ಸಿಡಿತ ಬಹಳ ಮಟ್ಟಿಗೆ ತಗ್ಗುತ್ತದೆ. ಅಂಗಡಿಯಲ್ಲಿ ಸಿಗುವ ಚಪ್ಪಟೆ ಬೆನ್ನಿನ, ಆಳವಿಲ್ಲದ ಚಿಕ್ಕ ಪಾತ್ರೆಗಳು ಈ ಪರೀಕ್ಷೆಯಲ್ಲಿ ಸೋಲುತ್ತವೆ. ಕಿರಿದಾಗಿ ಒಳಕ್ಕೆ ಸಾಗುವ, ಆಳವಾದ, ತುಟಿ ಮುಂದಕ್ಕೆ ಚಾಚಿದ ಪಾತ್ರೆ ಮೇಲು. ತುಟಿಯ ಎತ್ತರ ನೆಲದಿಂದ 60 ಸೆಂಟಿಮೀಟರ್ ಆಸುಪಾಸು ಎಂಬುದು ವಾಡಿಕೆ. ಮನೆಯಲ್ಲಿ ಬಳಸುವವರು ಯಾರೆಂಬುದು ಗೊತ್ತೇ ಇರುವುದರಿಂದ ಅವರನ್ನೇ ನಿಲ್ಲಿಸಿ ಅಳೆಯುವುದು ವಾಸಿ.

ಇನ್ನು ನಾತದ ವಿಷಯ. ಹೊಸ ಮೂತ್ರಕ್ಕೆ ಹೆಚ್ಚಿನ ವಾಸನೆಯಿಲ್ಲ. ಕೊಳವೆಯಲ್ಲಿ ನೆಲೆಸಿದ ಬ್ಯಾಕ್ಟೀರಿಯಗಳ ಯೂರಿಯೇಸ್ ಎಂಬ ಕಿಣ್ವ ಯೂರಿಯವನ್ನು ಒಡೆದಾಗ ಅಮೋನಿಯ ಹುಟ್ಟುತ್ತದೆ, ಪಿಎಚ್ ಮೌಲ್ಯ 9ರ ಹತ್ತಿರಕ್ಕೆ ಏರುತ್ತದೆ. (ಅರಿಶಿನ ಬಳಿದ ಕಾಗದದ ಪಟ್ಟಿಯನ್ನು ಹಳೆಯ ಮೂತ್ರದಲ್ಲಿ ಅದ್ದಿದರೆ ಕೆಂಪಾಗುತ್ತದೆ. ತರಗತಿಯಲ್ಲಿ ಮಾಡಿ ತೋರಿಸಲು ಅಳುಕಿದರೆ ಮನೆಯಲ್ಲಿ ಮಾಡಬಹುದು!) ಕ್ಷಾರೀಯವಾದ ಈ ದ್ರವದಲ್ಲಿ ಮೆಗ್ನೀಸಿಯಮ್, ಅಮೋನಿಯಮ್, ಫಾಸ್ಫೇಟ್ ಸೇರಿ ಸ್ಟ್ರುವೈಟ್ ಎಂಬ ಹರಳು ಕಟ್ಟುತ್ತದೆ, ಕ್ಯಾಲ್ಸಿಯಮ್ ಲವಣಗಳೂ ಜೊತೆಗೂಡಿ ಕೊಳವೆಯ ಒಳಮೈಯಲ್ಲಿ ಕಲ್ಲಾಗುತ್ತವೆ. ಮೂತ್ರದಲ್ಲಿ ಫಾಸ್ಫೇಟಿಗೆ ಹೋಲಿಸಿದರೆ ಮೆಗ್ನೀಸಿಯಮ್ ಕಡಿಮೆ. ಆ ಕೊರತೆಯನ್ನು ತುಂಬುವುದು ನಾವು ಸುರಿಯುವ ಗಡಸು ನೀರು. ಭಾಲ್ಕಿ, ಔರಾದ ಕಡೆಯ ಬಸಾಲ್ಟ್ ಶಿಲೆಯ ಕೊಳವೆಬಾವಿ ನೀರು ಸಾಮಾನ್ಯವಾಗಿ ಗಡಸು. ಬೀದರದ ಜಂಬಿಟ್ಟಿಗೆ ಪದರದ ತೋಡುಬಾವಿಯ ನೀರು ಅಷ್ಟು ಗಡಸಲ್ಲ. ಆದ್ದರಿಂದ ಒಂದೇ ಪಾತ್ರೆ ಒಂದು ಊರಿನಲ್ಲಿ ಬಹುಕಾಲ ಬಾಳಿ ಇನ್ನೊಂದು ಊರಿನಲ್ಲಿ ಬೇಗ ಕಟ್ಟಿಕೊಂಡರೆ ಪ್ಲಂಬರನನ್ನು ಬಯ್ದು ಫಲವಿಲ್ಲ. ನಿಂಬೆಹುಳಿ ಪುಡಿ ಅಥವಾ ವಿನೆಗರನ್ನು ರಾತ್ರಿ ಸುರಿದು ಬಿಟ್ಟರೆ ಈ ಕಲ್ಲು ಕರಗುತ್ತದೆ. ಕೆಲವರು ಶೌಚಾಲಯದ ಆಸಿಡ್ ಸುರಿದು, ಅದರ ಮೇಲೆ ಬ್ಲೀಚಿಂಗ್ ಪುಡಿಯನ್ನೂ ಚೆಲ್ಲುತ್ತಾರೆ. ಹೀಗೆ ಮಾಡಲೇಬಾರದು. ಆಗ ಹೊರಬರುವುದು ಕ್ಲೋರಿನ್ ಅನಿಲ. ಕಿಟಕಿಯಿಲ್ಲದ ಬಚ್ಚಲಿನಲ್ಲಿ ಅದು ಜೀವಕ್ಕೇ ಅಪಾಯ. ಬ್ಲೀಚಿಂಗ್ ಪುಡಿ ಹಳೆಯ ಮೂತ್ರದ ಅಮೋನಿಯದೊಂದಿಗೆ ಸೇರಿದರೂ ವಿಷಕಾರಿ ಕ್ಲೋರಮೀನ್‌ಗಳು ಹುಟ್ಟುತ್ತವೆ. ಪಾತ್ರೆಯಲ್ಲಿ ಹಾಕುವ ಬಿಳಿ ಗುಳಿಗೆಗಳು ಅಮೋನಿಯವನ್ನು ತಡೆಯುವುದಿಲ್ಲ. ತಮ್ಮ ವಾಸನೆಯಿಂದ ಅದನ್ನು ಮರೆಮಾಡುತ್ತವೆ ಅಷ್ಟೆ.

ಈಗ ಪುಸ್ತಿಕೆ ಹೇಳದೆ ಬಿಟ್ಟ ವಿಷಯಕ್ಕೆ ಬರೋಣ. ಬೀದರ ನಗರ ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲಿದೆ. ಜೇನುಹುಟ್ಟಿನಂತೆ ರಂಧ್ರಗಳಿರುವ ಈ ಕಲ್ಲಿನ ಮೂಲಕ ನೀರು ಸಲೀಸಾಗಿ ಇಳಿಯುತ್ತದೆ. ಕೆಳಗಿನ ಬಸಾಲ್ಟ್ ಅದನ್ನು ತಡೆಯುತ್ತದೆ. ನೀರು ಎರಡು ಶಿಲೆಗಳ ಸಂದಿನಲ್ಲಿ ಪಕ್ಕಕ್ಕೆ ಸರಿಯುತ್ತದೆ. ನೌಬಾದಿನ ಬಹಮನಿ ಕಾಲದ ಕರೇಜ್, ಜನ ಸುರಂಗ ಬಾವಿ ಎಂದು ಕರೆಯುವ ಆ ಕಾಲುವೆ, ಇದೇ ನೀರನ್ನು ಯಂತ್ರದ ನೆರವಿಲ್ಲದೆ ಇಳಿಜಾರಿನಲ್ಲಿ ಹರಿಸಿ ಊರಿಗೆ ತಂದ ಜಾಣತನ. 15ನೆಯ ಶತಮಾನದ ಜನಕ್ಕೆ ತಿಳಿದಿದ್ದ ಈ ಭೂರಚನೆಯನ್ನು ಇಂದು ಇಂಗುಗುಂಡಿ ತೋಡುವವರು ಮರೆಯುತ್ತಾರೆ. ಗುಂಡಿಯಲ್ಲಿ ಇಂಗಿದ್ದು ಕಾಣೆಯಾಗುವುದಿಲ್ಲ. ಬಾವಿಗಳಿರುವ ದಿಕ್ಕಿಗೆ ಹೋಗುತ್ತದೆ.

ಎಷ್ಟು ಹೋಗಬಹುದು? ವಯಸ್ಕರೊಬ್ಬರ ದಿನದ ಮೂತ್ರದಲ್ಲಿ ಸಾಮಾನ್ಯವಾಗಿ 8ರಿಂದ 12 ಗ್ರಾಂ ಸಾರಜನಕ ಇರುತ್ತದೆ. ಲೆಕ್ಕಕ್ಕೆ 10 ಗ್ರಾಂ ಎನ್ನೋಣ. ಮಣ್ಣಿನ ಬ್ಯಾಕ್ಟೀರಿಯಗಳು ಅದೆಲ್ಲವನ್ನೂ ನೈಟ್ರೇಟ್ ಮಾಡಿದರೆ, 14 ಗ್ರಾಂ ಸಾರಜನಕಕ್ಕೆ 62 ಗ್ರಾಂ ನೈಟ್ರೇಟಿನಂತೆ, ಸುಮಾರು 44 ಗ್ರಾಂ ಆಗುತ್ತದೆ. ಕುಡಿಯುವ ನೀರಿನಲ್ಲಿ ಐಎಸ್ 10500 ಒಪ್ಪುವ ಮಿತಿ ಲೀಟರಿಗೆ 45 ಮಿಲಿಗ್ರಾಂ. ಇದರಲ್ಲಿ ವಿನಾಯಿತಿ ಇಲ್ಲ. ಅಂದರೆ ಒಬ್ಬರ ಒಂದು ದಿನದ ಮೂತ್ರ, ನೈಟ್ರೇಟೇ ಇಲ್ಲದ ಸುಮಾರು ಸಾವಿರ ಲೀಟರ್ ನೀರನ್ನು ಈ ಮಿತಿಯ ಅಂಚಿಗೆ ತರಬಲ್ಲದು. ಎಲ್ಲವೂ ಅಂತರ್ಜಲಕ್ಕೆ ಸೇರುವುದಿಲ್ಲ, ನಿಜ. ಆದರೆ ನೈಟ್ರೇಟ್ ಹೆಚ್ಚಾದ ನೀರು ಹಾಲುಗೂಸುಗಳ ರಕ್ತ ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನು ಕುಂದಿಸುತ್ತದೆ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ; ನೀರು ಆವಿಯಾದಷ್ಟೂ ಅದು ಗಾಢವಾಗುತ್ತದೆ. ಗುಂಡಿ ಬಾವಿಯಿಂದ ಹತ್ತು ಹದಿನೈದು ಮೀಟರ್ ದೂರವಿದ್ದರೆ ಸಾಕು ಎಂಬ ನಿಯಮವನ್ನು ಎಲ್ಲರೂ ಒಪ್ಪಿಸುತ್ತಾರೆ. ಅದು ನುಣ್ಣನೆಯ ಮಣ್ಣಿನಲ್ಲಿ ರೋಗಾಣುಗಳು ಸಾಯಲು ಬೇಕಾದ ದೂರ. ನೈಟ್ರೇಟ್ ಸಾಯುವ ವಸ್ತುವಲ್ಲ, ಜಂಬಿಟ್ಟಿಗೆ ನುಣ್ಣನೆಯ ಮಣ್ಣೂ ಅಲ್ಲ.

ಭಾಲ್ಕಿ, ಔರಾದಗಳ ಎರೆಭೂಮಿಯಲ್ಲಿ ತೊಂದರೆ ತಿರುವುಮುರುವಾಗಿದೆ. ಎರೆಮಣ್ಣು ನೆನೆದು ಉಬ್ಬಿದಾಗ ನೀರನ್ನು ಒಳಬಿಡುವುದಿಲ್ಲ; ಮಳೆಗಾಲದಲ್ಲಿ ಇಂಗುಗುಂಡಿ ತುಂಬಿ ಮೇಲೆ ಬರುತ್ತದೆ. ಒಣಗಿದಾಗ ಬಿರಿದು ನೆಲದಡಿಯ ಕೊಳವೆಯ ಕೀಲುಗಳನ್ನು ಸಡಿಲಿಸುತ್ತದೆ. ಆದ್ದರಿಂದ ಗೌಂಡಿಗಳು ಸುಲಭದ ದಾರಿ ಹಿಡಿದು ಯೂರಿನಲ್ಲಿನ ಕೊಳವೆಯನ್ನು ಸ್ನಾನದ ನೀರಿನ ಮೋರಿಗೆ ಸೇರಿಸುತ್ತಾರೆ. ಅದು ರಸ್ತೆ ಬದಿಯ ತೆರೆದ ಗಟಾರಕ್ಕೆ ಹೋಗುತ್ತದೆ. ಮನೆಯೊಳಗೆ ಸೆನ್ಸರು, ಮನೆಯ ಮುಂದೆ ನಾತ!

ನ್ಯಾಯವಾಗಿ ಹೇಳಬೇಕೆಂದರೆ ಈ ಸಾರಜನಕವನ್ನು ಯೂರಿನಲ್ ಹುಟ್ಟಿಸುವುದಿಲ್ಲ. ಕಮೋಡಿನಿಂದಲೂ ಅಷ್ಟೇ ಹೋಗುತ್ತದೆ. ಯೂರಿನಲ್ಲಿನ ಹೆಚ್ಚುಗಾರಿಕೆ ಎಂದರೆ ಅದು ಮೂತ್ರವನ್ನು ಮಲದಿಂದ, ಸ್ನಾನದ ನೀರಿನಿಂದ ಬೇರೆಯಾಗಿ ಹಿಡಿದು ಕೊಡುತ್ತದೆ. ಈ ಒಂದು ಗುಣವನ್ನು ಪುಸ್ತಿಕೆ ಹೇಳುವುದಿಲ್ಲ, ಪ್ಲಂಬರ್ ಅದನ್ನು ಮೂರಡಿ ಕೊಳವೆಯಲ್ಲಿ ಹಾಳುಮಾಡುತ್ತಾನೆ. ಒಬ್ಬರ ವರ್ಷದ ಮೂತ್ರದಲ್ಲಿ ಸುಮಾರು 3.65 ಕಿಲೊ ಸಾರಜನಕ, ಎಂದರೆ ಹೆಚ್ಚುಕಡಿಮೆ 8 ಕಿಲೊ ಯೂರಿಯ ಗೊಬ್ಬರಕ್ಕೆ ಸಮ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮೆಕ್ಕೆಜೋಳ, ಬಾಳೆಗಳಿಗೆ ಮೂತ್ರವನ್ನು ಗೊಬ್ಬರವಾಗಿ ಕೊಟ್ಟು ಪ್ರಯೋಗ ನಡೆಸಿದ್ದಾರೆ. ನಮ್ಮ ತೊಗರಿ, ಉದ್ದು, ಸೋಯಾಗಳು ಸಾರಜನಕವನ್ನು ತಾವೇ ಹಿಡಿದುಕೊಳ್ಳುವ ಬೆಳೆಗಳು. ಅವುಗಳಿಗೆ ಇದರ ಅಗತ್ಯ ಕಡಿಮೆ. ಕಬ್ಬಿಗೆ, ಹಿತ್ತಲಿನ ಬಾಳೆಗೆ ಬೇಕು. ಮನೆಯವರೇ ತಿನ್ನುವ ಬೆಳೆಗೆ ಹಾಕುವುದಾದರೆ ಕೊಯ್ಲಿಗೆ ಒಂದು ತಿಂಗಳು ಮುಂಚೆ ನಿಲ್ಲಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿ.

ಹಾಗಾದರೆ ಬೀದರದಲ್ಲಿ ಒಳಚರಂಡಿ ಇರುವ ಬಡಾವಣೆಯವರು ಯೂರಿನಲ್ಲನ್ನು ನೇರ ಅದಕ್ಕೇ ಜೋಡಿಸಲಿ. ಒಳಚರಂಡಿ ಇಲ್ಲದ, ಜಮೀನೂ ಇಲ್ಲದ ಮನೆಗೆ ಅದು ಬೇಡ. ಇಳಿಜಾರು ಸರಿಯಿರುವ ಬಚ್ಚಲೇ ಸಾಕು. ಭಾಲ್ಕಿ, ಔರಾದಗಳಲ್ಲಿ ಹಿತ್ತಲೋ ಹೊಲವೋ ಇರುವವರು ಮುಚ್ಚಳದ ಪ್ಲಾಸ್ಟಿಕ್ ಕ್ಯಾನಿಗೆ ಬಿಡಬಹುದು. ಇಲ್ಲಿ ಸೆನ್ಸರಿನ ಯೂರಿನಲ್ ನಿರುಪಯೋಗಿ, ಕ್ಯಾನು ನೀರಿನಿಂದಲೇ ತುಂಬುತ್ತದೆ. ನೀರಿಲ್ಲದ ಬಗೆಯೇ ಬೇಕು. ಅದರಲ್ಲಿ ಎಣ್ಣೆಯ ಪದರದಿಂದ ನಾತ ತಡೆಯುವ ಬಗೆಗೆ ಆಗಾಗ ಹೊಸ ದ್ರವ, ಹೊಸ ಬಿಡಿಭಾಗ ಕೊಳ್ಳಬೇಕು. ಔರಾದಿನಲ್ಲಿ ಅವು ಸಿಗುತ್ತವೆಯೇ ಎಂದು ಮೊದಲೇ ಕೇಳಿ. ಒಂದೇ ದಿಕ್ಕಿಗೆ ತೆರೆಯುವ ರಬ್ಬರ್ ನಾಲಿಗೆಯ ಬಗೆಯನ್ನು ಬಿಚ್ಚಿ ತೊಳೆದು ಮತ್ತೆ ಹಾಕಬಹುದು.

ನೀರಿನ ಬಗೆಯಾದರೆ ಟ್ರ್ಯಾಪಿನಲ್ಲಿ 50 ಮಿಲಿಮೀಟರ್ ನೀರು ಸದಾ ನಿಂತಿರಬೇಕು. ಬೇಸಿಗೆಯಲ್ಲಿ ಊರಿಗೆ ಹೋದಾಗ ಅದು ಆವಿಯಾಗಿ ಚರಂಡಿಯ ಗಾಳಿ ಒಳಬರುತ್ತದೆ ಎಂಬುದು ನೆನಪಿರಲಿ. ಕೊಳವೆ 50 ಮಿಲಿಮೀಟರಿನ ಪಿವಿಸಿಯದೇ ಇರಲಿ, ಹಿತ್ತಾಳೆ, ತಾಮ್ರಗಳನ್ನು ಅಮೋನಿಯ ತಿನ್ನುತ್ತದೆ. 40ಕ್ಕೆ 1ರಷ್ಟಾದರೂ ಇಳಿಜಾರು, ಪ್ರತಿ ತಿರುವಿನಲ್ಲಿ ಬಿಚ್ಚುವ ಮುಚ್ಚಳ ಬೇಕು. ಟೈಲ್ಸ್ ಹಚ್ಚುವ ಮೊದಲು ಕೊಳವೆಯ ತುದಿ ಮುಚ್ಚಿ, ನೀರು ತುಂಬಿ, ಒಂದು ರಾತ್ರಿ ಬಿಟ್ಟು ಮಟ್ಟ ಇಳಿದಿದೆಯೇ ನೋಡಿ. ಗೌಂಡಿ ಅವಸರಪಡಿಸಿದರೂ ಆ ಒಂದು ದಿನ ಕಾಯಿರಿ.