‘ಎವೆರಿಥಿಂಗ್ ಐ ಓನ್’: ವಿಪ್ರಲಂಭವೋ ಕರುಣವೋ?

‘ಬ್ಯಾಲಡ್’ ಎಂಬ ಪದವನ್ನು ಕೇಳಿದೊಡನೆ ನಮಗೆ ಲಾವಣಿಯ ನೆನಪಾಗುವುದು ಸಹಜ. ಆದರೆ 1970ರ ದಶಕದ ಸಾಫ್ಟ್ ರಾಕ್ ಬ್ಯಾಲಡ್‌ಗಳಿಗೆ ಕಥನದ ಹಂಗಿಲ್ಲ. ಮಂದಗತಿ, ಮೆಲುದನಿ, ಕಳೆದುಹೋದ ಒಲವಿನ ಪಶ್ಚಾತ್ತಾಪ, ಇಷ್ಟೇ ಅವುಗಳ ಬಂಡವಾಳ. ಅವೆಲ್ಲವೂ ಅಗ್ಗದ ಕಣ್ಣೀರೆಂದು ತಳ್ಳಿಹಾಕುವವರಿದ್ದಾರೆ. ಹಲವು ಹಾಡುಗಳ ಮಟ್ಟಿಗೆ ಆ ಮಾತು ನಿಜವೂ ಹೌದು. ಅಮೆರಿಕದ ‘ಬ್ರೆಡ್’ ತಂಡದ ‘ಎವೆರಿಥಿಂಗ್ ಐ ಓನ್’ (1972) ಗೀತೆಗೆ ಮಾತ್ರ ಅದು ಸಲ್ಲದೆಂಬುದು ನಮ್ಮ ಅಭಿಪ್ರಾಯ.

ಈ ಗೀತೆಯನ್ನು ಕೇಳಿದವರಲ್ಲಿ ಬಹುಮಂದಿ ಅದನ್ನು ಪ್ರೇಯಸಿಯನ್ನು ಕಳೆದುಕೊಂಡವನ ಪ್ರಲಾಪವೆಂದೇ ತಿಳಿದರು. ಅದನ್ನು ಬರೆದು ಹಾಡಿದ ಡೇವಿಡ್ ಗೇಟ್ಸರಾದರೋ, ಅದು ತೀರಿಹೋದ ತಮ್ಮ ತಂದೆಯನ್ನು ಕುರಿತದ್ದೆಂದು ಹೇಳಿದ್ದಾರೆ. ವಾದ್ಯವೃಂದದ ನಿರ್ದೇಶಕರಾಗಿದ್ದ ಆ ತಂದೆ ಮಗನ ಕೀರ್ತಿಯನ್ನು ನೋಡಲು ಉಳಿದಿರಲಿಲ್ಲ.

ಹಾಗಾದರೆ ಕೇಳುಗರು ತಪ್ಪಿದರೆ? ಇತಿಹಾಸದ ವಿದ್ಯಾರ್ಥಿಗಳಾದ ನಾವು ಬರೆದವರ ಹೇಳಿಕೆಯನ್ನು ಒಂದು ಸಾಕ್ಷ್ಯವೆಂದು ಮಾತ್ರ ಎಣಿಸಿ, ಪಾಠದ ಒಳಗಣ ಸಾಕ್ಷ್ಯವನ್ನೂ ನೋಡತಕ್ಕದ್ದು. ಮೊದಲಲ್ಲಿ ಸ್ಮರಿಸಿದ ಉಪಕಾರಗಳೆಂದರೆ ಕೇಡಿನಿಂದ ಕಾಯ್ದುದು, ಬೆಚ್ಚಗಿರಿಸಿದುದು, ಬದುಕನ್ನು ಕೊಟ್ಟುದು, ಬಳಿಕ ಸ್ವತಂತ್ರನಾಗಲು ಬಿಟ್ಟುದು. ಇವು ಹೆತ್ತವರು ಮಾಡುವ ಕೆಲಸಗಳು. ಆದರೂ ‘ತಂದೆ’ ಎಂಬ ಮಾತು ಎಲ್ಲಿಯೂ ಬರುವುದಿಲ್ಲ. ಪಲ್ಲವಿಯಲ್ಲಿರುವುದು ತನ್ನದೆಂಬುದೆಲ್ಲವನ್ನೂ ತೆತ್ತು ಹೋದವರನ್ನು ಮರಳಿ ಪಡೆವ ಹಂಬಲ.

ನಾಟ್ಯಶಾಸ್ತ್ರವು ವಿಪ್ರಲಂಭವನ್ನು ಸಾಪೇಕ್ಷವೆಂದೂ ಕರುಣವನ್ನು ನಿರಪೇಕ್ಷವೆಂದೂ ಬೇರ್ಪಡಿಸುತ್ತದೆ. ಅಗಲಿದವರು ಮರಳಿಯಾರೆಂಬ ಆಸೆ ಮೊದಲನೆಯದರಲ್ಲುಂಟು, ಎರಡನೆಯದರಲ್ಲಿಲ್ಲ. ಈ ಪಲ್ಲವಿಯ ಮಾತು ವಿಪ್ರಲಂಭದ್ದು, ಹುಟ್ಟು ಕರುಣದ್ದು. ಹೋದವಳು ಪ್ರೇಯಸಿಯಾಗಿದ್ದರೆ ಈ ಬೇಡಿಕೆ ಅವಳ ಕಿವಿಗೆ ಬಿದ್ದೀತು. ಹೋದವನು ತಂದೆಯಾಗಿದ್ದರೆ ಕೇಳುವವರೇ ಇಲ್ಲ.

ನಡುವೆ ಗಾಯಕನು ನಮ್ಮತ್ತ ತಿರುಗಿ ಎಚ್ಚರಿಸುತ್ತಾನೆ: ನೀವು ಪ್ರೀತಿಸುವವರ ಬೆಲೆಯನ್ನು ಅರಿಯದಿದ್ದರೆ, ಯಾರೋ ಒಂದು ದಿನ ಅವರನ್ನು ಒಯ್ದಾರು, ನಿಮ್ಮ ಮಾತು ಅವರನ್ನು ಮುಟ್ಟದೆ ಹೋದೀತು. ಈ ‘ಯಾರೋ’ ಯಾರು? ಪ್ರತಿಸ್ಪರ್ಧಿಯೂ ಆಗಬಹುದು, ಯಮನೂ ಆಗಬಹುದು. ಇಲ್ಲಿನ ಪಶ್ಚಾತ್ತಾಪ ದ್ರೋಹದಿಂದ ಹುಟ್ಟಿದುದಲ್ಲ, ಹೇಳಬೇಕಾದುದನ್ನು ಕಾಲಕ್ಕೆ ಹೇಳದೆ ಇದ್ದುದರಿಂದ ಹುಟ್ಟಿದುದು. ಹ್ಯಾರಿ ನಿಲ್ಸನ್ ಹಾಡಿದ ‘ವಿದೌಟ್ ಯು’ (1971) ಗೀತೆಯಲ್ಲಿ ದನಿ ಮೇಲೇರಿದಂತೆ ನಾವು ಕಂಠವನ್ನೇ ಮೆಚ್ಚಿ ದುಃಖವನ್ನು ಮರೆಯುತ್ತೇವೆ. ಗೇಟ್ಸರಲ್ಲಿ ಆ ಅಪಾಯವಿಲ್ಲ. ಮಾಧುರ್ಯ ತುಸು ಹೆಚ್ಚಾಯಿತೆಂಬ ದೂರು ಮಾತ್ರ ನಮ್ಮದೂ ಹೌದು.

1974ರಲ್ಲಿ ಜಮೈಕಾದ ಕೆನ್ ಬೂತ್ ಇದನ್ನು ರೆಗೆ ಶೈಲಿಯಲ್ಲಿ ಹಾಡಿದಾಗ ಬ್ರಿಟನ್ನಿನ ಮಾರಾಟಪಟ್ಟಿಯಲ್ಲಿ ಅದು ಮೊದಲ ಸ್ಥಾನವನ್ನೇರಿತು. ಅವರು ಹಾಡುವಾಗ ಶೀರ್ಷಿಕೆಯ ಮೊದಲ ಪದವನ್ನೇ ಬದಲಿಸಿದ್ದರು. ತಟ್ಟೆಯ ಮೇಲೆ ಮಾತ್ರ ಹಳೆಯ ಹೆಸರು ಉಳಿಯಿತು. ಶಾಸನಗಳ ಪಾಠಾಂತರಗಳಲ್ಲಿ ತಲೆಕೆಡಿಸಿಕೊಳ್ಳುವ ನಮ್ಮಂಥವರಿಗೆ ಇದೊಂದು ವಿನೋದ. 1987ರಲ್ಲಿ ಬಾಯ್ ಜಾರ್ಜ್ ಹಾಡಿದಾಗಲೂ ಅದೇ ಸ್ಥಾನ ದೊರೆಯಿತು. ಎರಡೂ ಪ್ರೇಮಗೀತೆಗಳಾಗಿಯೇ ಹರಡಿದವು. ತಂದೆಯ ಸಂಗತಿ ತಿಳಿದ ಮೇಲೆ ಪ್ರೇಮಾರ್ಥವನ್ನು ಕೈಬಿಡಬೇಕೆನ್ನುವವರು ಈ ಚರಿತ್ರೆಯನ್ನೇ ಅಳಿಸಿದಂತಾಗುತ್ತದೆ. ಅವರೊಡನೆ ನಮಗೆ ಸಮ್ಮತಿಯಿಲ್ಲ. ಆದರೆ ಆ ‘ಯಾರೋ’ ಎಂಬೆಡೆಯಲ್ಲಿ ಮತ್ತೆ ಪ್ರತಿಸ್ಪರ್ಧಿಯನ್ನು ಕಾಣುವುದು ನಮಗೂ ಸಾಧ್ಯವಾಗಿಲ್ಲ.