ಧ್ರುವದ ಮಣ್ಣಿನ ಬ್ಯಾಕ್ಟೀರಿಯಾ: ಹೊಸ ಪ್ರಭೇದವನ್ನು ಗುರುತಿಸುವ ಪದ್ಧತಿಯ ಬಲಾಬಲ

ಧ್ರುವಪ್ರದೇಶದ ಮಣ್ಣಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಹೊಸ ಪ್ರಭೇದವೆಂದು ಮಾನ್ಯವಾಗಬೇಕಾದರೆ ಅದನ್ನು ಶುದ್ಧ ಕಲ್ಚರ್ ಆಗಿ ಬೆಳೆಸಬೇಕು, ತಿಳಿದಿರುವ ಪ್ರಭೇದಗಳಿಗಿಂತ ಅದು ಬೇರೆಯೆಂದು ತೋರಿಸಬೇಕು, ಅದರ ಮಾದರಿ ತಳಿಯನ್ನು ಎರಡು ದೇಶಗಳ ಸೂಕ್ಷ್ಮಜೀವಿ ಸಂಗ್ರಹಾಲಯಗಳಲ್ಲಿ ಇರಿಸಬೇಕು. ನಾಮಕರಣದ ಅಂತರರಾಷ್ಟ್ರೀಯ ಸಂಹಿತೆ ವಿಧಿಸಿರುವ ಈ ಕೊನೆಯ ಷರತ್ತು ಬರೀ ಕಾಗದಪತ್ರದ ವ್ಯವಹಾರವೆಂದು ಕಾಣಬಹುದು. ಆದರೆ ಈ ಪದ್ಧತಿಯ ಅತ್ಯುತ್ತಮ ಗುಣ ಅದೇ.

ಅಂಟಾರ್ಕ್ಟಿಕಾದ ಶಿರ್ಮಾಕರ್ ಓಯಸಿಸ್‌ನ ಒಂದು ಬ್ಯಾಕ್ಟೀರಿಯಾದ ಕಥೆ ಇದಕ್ಕೆ ಸಾಕ್ಷಿ. ಭಾರತದ ಮೈತ್ರಿ ಕೇಂದ್ರವಿರುವ ಈ ಹಿಮರಹಿತ ಕಲ್ಲುನೆಲದ ಮಣ್ಣಿನಿಂದ ಬೇರ್ಪಡಿಸಿದ ತಳಿಯನ್ನು ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಎಸ್. ಶಿವಾಜಿ ಮತ್ತು ಸಂಗಡಿಗರು 1992ರಲ್ಲಿ ಸ್ಫಿಂಗೋಬ್ಯಾಕ್ಟೀರಿಯಂ ಅಂಟಾರ್ಕ್ಟಿಕಸ್ ಎಂಬ ಹೆಸರಿನಲ್ಲಿ ವಿವರಿಸಿದರು. ಅದು ಈಗ ಸೇರಿರುವ ಪೆಡೊಬ್ಯಾಕ್ಟರ್ ಎಂಬ ಕುಲ ಆಗ ಇರಲೇ ಇಲ್ಲ. ಆ ಕುಲ ರೂಪುಗೊಂಡದ್ದು 1998ರಲ್ಲಿ. ಮಾದರಿ ತಳಿ ಉಳಿದಿದ್ದರಿಂದ 2014ರಲ್ಲಿ ಅದನ್ನು ಮತ್ತೆ ಪರೀಕ್ಷಿಸಲು ಸಾಧ್ಯವಾಯಿತು. ಆ ಬ್ಯಾಕ್ಟೀರಿಯಾ ಸೇರಬೇಕಾದದ್ದು ಪೆಡೊಬ್ಯಾಕ್ಟರ್ ಕುಲಕ್ಕೆ ಎಂದು ಆಗ ತಿಳಿಯಿತು. ಅಷ್ಟೇ ಅಲ್ಲ, ಮೀನಿನಿಂದ ಬೇರ್ಪಡಿಸಿ ಪೆಡೊಬ್ಯಾಕ್ಟರ್ ಪಿಸಿಯಂ ಎಂದು ಹೆಸರಿಟ್ಟಿದ್ದ ಬ್ಯಾಕ್ಟೀರಿಯಾ ಕೂಡ ಇದೇ ಪ್ರಭೇದ ಎಂಬುದು ಖಚಿತವಾಯಿತು. ಮೊದಲು ಬಂದ ಹೆಸರಿಗೆ ಮನ್ನಣೆ ಎಂಬ ನಿಯಮದಂತೆ ಅಂಟಾರ್ಕ್ಟಿಕಸ್ ಉಳಿಯಿತು, ಪಿಸಿಯಂ ಸಮಾನನಾಮವಾಯಿತು. ಇದನ್ನು 1992ರ ಕೆಲಸದ ಸೋಲೆಂದು ಓದುವುದು ತಪ್ಪು. ಇಪ್ಪತ್ತೆರಡು ವರ್ಷಗಳ ನಂತರವೂ ಬೇರೊಬ್ಬರು ಪರಿಶೀಲಿಸಿ ತಿದ್ದಬಹುದಾದಂತೆ ಕೆಲಸವನ್ನು ಬಿಟ್ಟುಹೋಗುವುದು ವರ್ಗೀಕರಣ ವಿಜ್ಞಾನದ ಘನತೆ.

ಪ್ರಭೇದದ ಗಡಿ ಗುರುತಿಸುವ ಅಳತೆಗಳೂ ಈ ಅವಧಿಯಲ್ಲಿ ಬದಲಾಗಿವೆ. 1987ರಲ್ಲಿ ತಜ್ಞರ ಸಮಿತಿಯೊಂದು ಎರಡು ತಳಿಗಳ ಡಿಎನ್‌ಎ ಪರಸ್ಪರ ಬೆಸೆಯುವ ಪ್ರಮಾಣ ಸುಮಾರು ಶೇ. 70 ಅಥವಾ ಹೆಚ್ಚಿದ್ದರೆ ಒಂದೇ ಪ್ರಭೇದ ಎಂದಿತು. ಈಗ ಇಡೀ ಜೀನೋಮ್‌ಗಳ ಸರಾಸರಿ ಹೋಲಿಕೆ ಶೇ. 95-96ಕ್ಕಿಂತ ಕೆಳಗಿದ್ದರೆ ಬೇರೆ ಪ್ರಭೇದ ಎನ್ನುತ್ತಾರೆ. ಬ್ಯಾಕ್ಟೀರಿಯಾಗಳನ್ನು ಗುರುತಿಸಲು ಬಳಸುವ 16ಎಸ್ ಆರ್‌ಆರ್‌ಎನ್‌ಎ ಜೀನ್‌ನ ಹೋಲಿಕೆ ಸುಮಾರು ಶೇ. 98.7ಕ್ಕಿಂತ ಕಡಿಮೆಯಿದ್ದರೆ ಹೊಸತೆನ್ನಬಹುದು. ಅದಕ್ಕಿಂತ ಹೆಚ್ಚಿದ್ದ ಮಾತ್ರಕ್ಕೆ ಎರಡೂ ಒಂದೇ ಎನ್ನಲಾಗದು. ಬಹುತೇಕ ಒಂದೇ 16ಎಸ್ ಜೀನ್ ಇಟ್ಟುಕೊಂಡು ಜೀನೋಮ್‌ನಲ್ಲಿ ದೂರವಾದ ಪ್ರಭೇದಗಳಿವೆ.

ಆದರೆ ಬ್ಯಾಕ್ಟೀರಿಯಾ ಶೀತಕ್ಕೆ ಎಷ್ಟು ಒಗ್ಗಿದೆ ಎಂಬ ಪ್ರಶ್ನೆಗೆ ಅಂಕಿಗಳ ಈ ನಿಖರತೆ ಉತ್ತರ ಕೊಡುವುದಿಲ್ಲ. ಸೂಕ್ಷ್ಮಜೀವಿ ವಿಜ್ಞಾನಿ ರಿಚರ್ಡ್ ಮೊರಿಟಾ 1975ರಲ್ಲಿ ಕೊಟ್ಟ ವ್ಯಾಖ್ಯೆಯಂತೆ, 15 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗೆ ಚೆನ್ನಾಗಿ ಬೆಳೆದು, ಸುಮಾರು 20 ಡಿಗ್ರಿ ದಾಟಿದರೆ ಬೆಳೆಯದೆ, ಸೊನ್ನೆಯಲ್ಲೂ ಬೆಳೆಯುವುದು ಶೀತಪ್ರಿಯ. ಕೆನಡಾದ ಉತ್ತರ ಆರ್ಕ್ಟಿಕ್‌ನ ಪರ್ಮಾಫ್ರಾಸ್ಟ್ ನೆಲದಲ್ಲಿ ಸಿಕ್ಕ ಪ್ಲಾನೊಕಾಕಸ್ ಹ್ಯಾಲೊಕ್ರಯೊಫಿಲಸ್ ಉಪ್ಪಿನ ದ್ರಾವಣದಲ್ಲಿ ಮೈನಸ್ 15 ಡಿಗ್ರಿಯಲ್ಲೂ ವಿಭಜನೆಯಾಗುತ್ತದೆ. 37 ಡಿಗ್ರಿಯಲ್ಲೂ ಬೆಳೆಯುತ್ತದೆ. ಮೊರಿಟಾ ವ್ಯಾಖ್ಯೆಯಲ್ಲಿ ಅದು ಬರೀ ಶೀತಸಹಿಷ್ಣು. ಬೇಸಿಗೆಯ ಬಿಸಿಲಿಗೆ ಮೇಲ್ಮೈ ಬೆಚ್ಚಗಾಗಿ ಮತ್ತೆ ಹೆಪ್ಪುಗಟ್ಟುವ ಧ್ರುವದ ಮಣ್ಣಿನಲ್ಲಿ ಇಂಥ ಹೊಂದಾಣಿಕೆಯೇ ಲಾಭದಾಯಕ. ಸಮುದ್ರದಂಥ ಸ್ಥಿರ ಶೀತಕ್ಕೆ ಸರಿಹೊಂದುವ ವ್ಯಾಖ್ಯೆ ಮಣ್ಣಿಗೆ ಬಂದಾಗ ಬಿಗಿಯಾಗುತ್ತದೆ.

ಪ್ರಯೋಗಾಲಯದ ಅಭ್ಯಾಸಗಳದ್ದು ಇನ್ನೂ ದೊಡ್ಡ ತೊಡಕು. ಹೊಸ ತಳಿಯನ್ನು ಸಮೀಪದ ಪ್ರಭೇದದೊಡನೆ ಹೋಲಿಸುವಾಗ ಜೀವಕೋಶದ ಕೊಬ್ಬಿನಾಮ್ಲಗಳನ್ನೂ ನೋಡುತ್ತಾರೆ. ಚಳಿ ಹೆಚ್ಚಿದಂತೆ ಪೊರೆ ಗಟ್ಟಿಯಾಗದಿರಲು ಬ್ಯಾಕ್ಟೀರಿಯಾ ತನ್ನ ಕೊಬ್ಬಿನಾಮ್ಲಗಳ ಪ್ರಮಾಣವನ್ನೇ ಬದಲಿಸಿಕೊಳ್ಳುತ್ತದೆ. ಹಾಗಾಗಿ ಒಂದನ್ನು 28 ಡಿಗ್ರಿಯಲ್ಲೂ ಇನ್ನೊಂದನ್ನು 15 ಡಿಗ್ರಿಯಲ್ಲೂ ಬೆಳೆಸಿ ಮಾಡಿದ ಹೋಲಿಕೆ ಪ್ರಭೇದಗಳ ವ್ಯತ್ಯಾಸ ಹೇಳುವುದಿಲ್ಲ, ಉಷ್ಣತೆಯ ವ್ಯತ್ಯಾಸ ಹೇಳುತ್ತದೆ. ಒಂದೇ ಒಂದು ತಳಿಯ ಮೇಲೆ ಪ್ರಭೇದವನ್ನು ಕಟ್ಟುವ ರೂಢಿಯೂ ದುರ್ಬಲ: ಆ ಲಕ್ಷಣ ಪ್ರಭೇದದ್ದೋ ಆ ತಳಿಯೊಂದರದ್ದೋ ತಿಳಿಯುವುದಿಲ್ಲ. ಆಹಾರ ಸಮೃದ್ಧವಾದ ಅಗರ್ ತಟ್ಟೆ, ಕೆಲವೇ ದಿನಗಳ ಕಾಯುವಿಕೆ ಇದ್ದರೆ ಬೇಗ ಬೆಳೆಯುವವೇ ಕೈಗೆ ಸಿಗುತ್ತವೆ. ಫಿನ್ಲೆಂಡಿನ ಕಿಲ್ಪಿಸ್ಯಾರ್ವಿಯ ಟಂಡ್ರಾದಿಂದ 2012ರಲ್ಲಿ ವಿವರಿಸಿದ ಗ್ರಾನುಲಿಸೆಲ್ಲಾ ಪ್ರಭೇದಗಳು ಸೇರಿರುವ ಅಸಿಡೊಬ್ಯಾಕ್ಟೀರಿಯಾ ಗುಂಪು ಮಣ್ಣಿನಲ್ಲಿ ಹೇರಳವಾಗಿದ್ದರೂ, ಆಮ್ಲೀಯವಾದ ತೆಳು ಮಾಧ್ಯಮ ಮತ್ತು ತಾಳ್ಮೆ ಇಲ್ಲದೆ ಸಿಗುವುದು ಕಷ್ಟ.

ಎಷ್ಟು ಕಾದರೂ ಬೆಳೆಯದವುಗಳ ವಿಷಯವೇ ಬೇರೆ. ಪೂರ್ವ ಅಂಟಾರ್ಕ್ಟಿಕಾದ ರಾಬಿನ್‌ಸನ್ ರಿಡ್ಜ್ ಮತ್ತು ಆ್ಯಡಮ್ಸ್ ಫ್ಲ್ಯಾಟ್‌ನ ಮಣ್ಣಿನಲ್ಲಿ, ಗಾಳಿಯಲ್ಲಿ ಅತ್ಯಲ್ಪವಾಗಿರುವ ಹೈಡ್ರೋಜನ್ ಮತ್ತು ಕಾರ್ಬನ್ ಮಾನಾಕ್ಸೈಡ್‌ನಿಂದಲೇ ಶಕ್ತಿ ಪಡೆಯುವ ಬ್ಯಾಕ್ಟೀರಿಯಾಗಳಿವೆಯೆಂದು 2017ರಲ್ಲಿ ತಿಳಿದದ್ದು ಮಣ್ಣಿನ ಡಿಎನ್‌ಎಯಿಂದ ಜೋಡಿಸಿದ ಜೀನೋಮ್‌ಗಳ ಮೂಲಕ. ಅವುಗಳಲ್ಲಿ ಎರಡು ಮುಖ್ಯ ಗುಂಪುಗಳ ಕಲ್ಚರ್ ಆಗ ಯಾರ ಬಳಿಯೂ ಇರಲಿಲ್ಲ. ಇಂಥವಕ್ಕಾಗಿ 2022ರಲ್ಲಿ ಬಂದ ಸೀಕ್‌ಕೋಡ್ ಎಂಬ ನಾಮಕರಣ ಸಂಹಿತೆ, ಜೀನೋಮ್ ಅನುಕ್ರಮವನ್ನೇ ಮಾದರಿಯಾಗಿ ಒಪ್ಪುತ್ತದೆ. ಇದು ಅಗತ್ಯವಾದ ಹೆಜ್ಜೆ. ಆದರೆ ಅನುಕ್ರಮವನ್ನು ಹೆಪ್ಪುಗಟ್ಟಿಸಿ, ಕರಗಿಸಿ, ಮತ್ತೆ ಬೆಳೆಯುವುದೇ ಎಂದು ನೋಡಲು ಬರುವುದಿಲ್ಲ. ಆದ್ದರಿಂದ ಬೆಳೆಸಲಾಗದ ಬ್ಯಾಕ್ಟೀರಿಯಾಕ್ಕೆ ಜೀನೋಮ್‌ನ ಹೆಸರು ಸಾಕು. ಬೆಳೆಸಬಹುದಾದದ್ದಕ್ಕೆ ಜೀವಂತ ತಳಿ, ಒಂದಕ್ಕಿಂತ ಹೆಚ್ಚು ಮಾದರಿಗಳು ಮತ್ತು ಅದರ ನೆಲದ ಉಷ್ಣತೆಯಲ್ಲಿ ಮಾಡಿದ ಪರೀಕ್ಷೆ ಇಲ್ಲದ ವಿವರಣೆಯನ್ನು ಪೂರ್ಣವೆಂದು ಒಪ್ಪಬಾರದು.