ಸಾಕ್ಷಿಯೋ, ಕರ್ತೃವೋ? ಜಠರದ ಕ್ಯಾನ್ಸರನ್ನು ಕುರಿತ ಒಂದು ಪ್ರಬಂಧದ ವಿಮರ್ಶೆ

ಜಠರದ ಕ್ಯಾನ್ಸರನ್ನು ರಕ್ತಪರೀಕ್ಷೆಯಿಂದ ಗುರುತಿಸುವ ಬಗೆಯನ್ನು ಕುರಿತು ಸಿಂಗಪುರದ ವಿದ್ವಾಂಸರು 2021ರಲ್ಲಿ ‘ಗಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಚರಿತ್ರೆಯ ಉಪಾಧ್ಯಾಯನಾದ ನಾನು ವೈದ್ಯಶಾಸ್ತ್ರದಲ್ಲಿ ಅಧಿಕಾರವಾಣಿಯಿಂದ ನುಡಿಯಲಾರೆ. ಆದರೆ ಆಕರವೊಂದು ತಾನಾಗಿ ಎಷ್ಟನ್ನು ಹೇಳುತ್ತದೆ, ನಾವು ಅದರಿಂದ ಎಷ್ಟನ್ನು ಹೇಳಿಸುತ್ತೇವೆ ಎಂಬ ಪ್ರಶ್ನೆ ಎರಡು ಶಾಸ್ತ್ರಗಳಿಗೂ ಸಮಾನವಾದುದು.

ಮೈಕ್ರೊ ಆರ್‌ಎನ್‌ಎ ಎಂಬುದು ಸುಮಾರು 22 ಘಟಕಗಳ ಕಿರಿದಾದ ಎಳೆ. ಜೀನಿನ ಆದೇಶವನ್ನು ಹೊತ್ತೊಯ್ಯುವ ಆರ್‌ಎನ್‌ಎಗೆ ಅಂಟಿಕೊಂಡು ಪ್ರೋಟೀನಿನ ನಿರ್ಮಾಣವನ್ನು ತಡೆಯುವುದು ಇದರ ಕೆಲಸ. 1993ರಲ್ಲಿ ವಿಕ್ಟರ್ ಆಂಬ್ರೋಸ್, ಗ್ಯಾರಿ ರವ್‌ಕನ್ ಇವರ ಪ್ರಯೋಗಶಾಲೆಗಳು ಇದನ್ನು ಒಂದು ಮಿಲಿಮೀಟರಿನಷ್ಟು ಉದ್ದದ ಹುಳುವಿನಲ್ಲಿ ಕಂಡವು. ಹುಳುವಿನದೇ ಒಂದು ವೈಚಿತ್ರ್ಯವೆಂದು ವಿದ್ವಲ್ಲೋಕ ಸುಮ್ಮನಾಯಿತು. ಅವರಿಗೆ ನೊಬೆಲ್ ಪಾರಿತೋಷಕ ಬಂದುದು 2024ರಲ್ಲಿ.

ರಕ್ತದೊಳಗಿನ 12 ಮೈಕ್ರೊ ಆರ್‌ಎನ್‌ಎಗಳ ಪ್ರಮಾಣವನ್ನು ಕೂಡಿಸಿ ನೋಡಿದರೆ ರೋಗದ ಸುಳಿವು ಸಿಕ್ಕುವುದೆಂಬುದು ಪ್ರಬಂಧದ ತಿರುಳು. ಅಧ್ಯಯನಕ್ಕೆ ಒಳಪಟ್ಟವರು ಸಿಂಗಪುರ, ಕೊರಿಯಗಳ 5248 ಮಂದಿ. ಮೊದಲಿನ ಹಂತಗಳಲ್ಲಿ ಪರೀಕ್ಷೆಯ ವಿವೇಚನಾಶಕ್ತಿಗೆ ದೊರೆತ ಅಂಕ 0.93 ಮತ್ತು 0.92. ತಪ್ಪೇ ಇಲ್ಲದಿದ್ದರೆ ಈ ಅಂಕ 1, ಬರಿಯ ಊಹೆಯಾದರೆ 0.5. ರೋಗವಿದೆಯೋ ಇಲ್ಲವೋ ಮುಂಚಿತವಾಗಿ ತಿಳಿಯದವರಲ್ಲಿ ಪರೀಕ್ಷಿಸಿದಾಗ ಅದು 0.848ಕ್ಕೆ ಇಳಿಯಿತು. ರೋಗವಿದ್ದ 100 ಮಂದಿಯಲ್ಲಿ 87 ಮಂದಿ ಸಿಕ್ಕಿಬಿದ್ದರು. ರೋಗವಿಲ್ಲದ 100 ಮಂದಿಯಲ್ಲಿಯೂ ಸುಮಾರು 32 ಮಂದಿ ಶಂಕಿತರಾದರು. ಅವರೆಲ್ಲ ಕೊನೆಗೆ ಎಂಡೊಸ್ಕೊಪಿಯನ್ನೇ ಮೊರೆಹೋಗಬೇಕು. ಈ ಇಳಿತವನ್ನು ಮರೆಮಾಚದೆ ಅಚ್ಚುಮಾಡಿದ ಲೇಖಕರ ಪ್ರಾಮಾಣಿಕತೆ ಮೆಚ್ಚತಕ್ಕುದು. ಹೆಲಿಕೊಬ್ಯಾಕ್ಟರ್ ಸೋಂಕನ್ನು ಹುಡುಕುವ ರಕ್ತಪರೀಕ್ಷೆಗಿಂತ ಇದು ಮೇಲೆಂಬ ಅವರ ವಾದವನ್ನೂ ಒಪ್ಪಬಹುದು.

ನನ್ನ ಆಕ್ಷೇಪವಿರುವುದು ಇಂಥ ಪ್ರಬಂಧಗಳನ್ನು ಉದ್ಧರಿಸುವವರ ಮೇಲೆ. ರಕ್ತದಲ್ಲಿ ಹೆಚ್ಚಿದ ಎಳೆಯೇ ರೋಗವನ್ನು ತಂದಿತು, ಅದನ್ನು ತಡೆದರೆ ರೋಗ ತೊಲಗುತ್ತದೆ ಎಂದು ಅವರು ನಿರ್ಣಯಿಸಿಬಿಡುತ್ತಾರೆ. ವೀರಗಲ್ಲು ನಿಂತಿರುವ ಊರಿನಲ್ಲಿ ಕಾಳಗವಾಗಿತ್ತೆನ್ನಬಹುದು, ಕಲ್ಲೇ ಕಾದಿತೆನ್ನಬಹುದೇ? ಈ ಎಳೆಗಳಲ್ಲಿ ಕರ್ತೃಗಳೂ ಇಲ್ಲದಿಲ್ಲ. ಜೀವಕೋಶದ ಬೆಳವಣಿಗೆಗೆ ಕಡಿವಾಣವಾದ ‘ಪಿಟೆನ್’ ಪ್ರೋಟೀನನ್ನು ಮೈಕ್ರೊ ಆರ್‌ಎನ್‌ಎ-21 ಕುಗ್ಗಿಸುವುದು ಪ್ರಯೋಗಗಳಿಂದ ತಿಳಿದಿದೆ. ಆದರೆ ಅದೇ ಎಳೆ ಇತರ ಅನೇಕ ಕ್ಯಾನ್ಸರುಗಳಲ್ಲಿಯೂ, ಬರಿಯ ಉರಿಯೂತದಲ್ಲಿಯೂ ಏರುತ್ತದೆ.

ಚಿಕಿತ್ಸೆಯ ವಿಷಯದಲ್ಲಂತೂ ಎಚ್ಚರ ಇನ್ನೂ ಅವಶ್ಯ. ಗಂತಿಯನ್ನು ಹತ್ತಿಕ್ಕುವ ಮೈಕ್ರೊ ಆರ್‌ಎನ್‌ಎ-34ರ ಕೃತಕ ಪ್ರತಿರೂಪವೊಂದನ್ನು ‘ಎಂಆರ್‌ಎಕ್ಸ್34’ ಎಂಬ ಹೆಸರಿನಲ್ಲಿ ವಿವಿಧ ಕ್ಯಾನ್ಸರುಗಳ ರೋಗಿಗಳಿಗೆ ಕೊಟ್ಟು ನೋಡಿದರು. ಕೆಲವರಲ್ಲಿ ಗಂತಿ ಕುಗ್ಗಿದುದೂ ಉಂಟು. ಆದರೆ ದೇಹದ ರಕ್ಷಣಾವ್ಯವಸ್ಥೆಯೇ ಕೆರಳಿ ನಾಲ್ವರು ತೀರಿಕೊಂಡರು. 2016ರಲ್ಲಿ ಪ್ರಯೋಗವನ್ನು ನಿಲ್ಲಿಸಲಾಯಿತು.